ನೀಲಮ್ಮನ ಅವ್ವನ ಮುಖ

ನೀಲಮ್ಮ, ಆ ಚಿತ್ರ ನನ್ನದಲ್ಲ, ನಿನ್ನದು. ಹಾಳೆಯ ಹಿಂದಿದ್ದ ನಿನ್ನ ಹೆಸರನ್ನು ರಬ್ಬರಿನಿಂದ ಉಜ್ಜಿ ನನ್ನ ಹೆಸರು ಬರೆದವಳು ನಾನೇ — ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಶಹಾಬಾದಿನ ಶಾಲೆ, ಒಂಬತ್ತನೇ ತರಗತಿ. ಡ್ರಾಯಿಂಗ್ ಸರ್ ಅಂದು ಕ್ಯೂಬಿಸಂ ಕಲಿಸಿದರು: ಒಂದೇ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ನೋಡಿ, ಚೂರು ಮಾಡಿ, ಮತ್ತೆ ಜೋಡಿಸುವುದು. ನಾನು ಸ್ಕೇಲು ಹಿಡಿದು ತ್ರಿಕೋನ, ಚೌಕ ಎಳೆದದ್ದೇ ಬಂತು, ಮುಖ ಮೂಡಲಿಲ್ಲ. ನಿನಗೇನು ಕಷ್ಟ! ನಿಮ್ಮಪ್ಪ ಮನೆಗಳ ನೆಲಕ್ಕೆ ಪರಸಿ ಕಲ್ಲು ಹಾಸುವವರು. ಗಣಿಯಲ್ಲಿ ಬಿಸಾಡಿದ ಚೂರುಗಳನ್ನೇ ತಂದು ನಿಮ್ಮ ಅಂಗಳಕ್ಕೆ ಸಂದಿಲ್ಲದಂತೆ ಕೂಡಿಸಿದ್ದರು. ನೀನು ಹಾಗೆಯೇ ನಿಮ್ಮವ್ವನನ್ನು ಕೂಡಿಸಿದೆ — ಒಂದು ಚೂರಿನಲ್ಲಿ ಮೂಗುತಿ, ಇನ್ನೊಂದರಲ್ಲಿ ನಗು.

ಸ್ಪರ್ಧೆಗೆ ಹಾಳೆಗಳನ್ನು ಒಟ್ಟುಮಾಡಿದ ಮಾನಿಟರ್ ನಾನು. ಪೆನ್ಸಿಲ್ಲಿನ ಹೆಸರು, ಅಳಿಸಲು ಎಷ್ಟು ಹೊತ್ತು? ಬಹುಮಾನ ಬಂತು. ಸರ್ ಎಲ್ಲರೆದುರು ಚಿತ್ರ ಎತ್ತಿ ತೋರಿಸಿ, ಹಾಳೆಯನ್ನು ನನ್ನ ಕೈಗಿಟ್ಟು ಬೆನ್ನು ತಟ್ಟಿದರು, ನಾನು ಹಲ್ಲು ಕಿರಿದೆ. ಥೂ, ನನ್ನ ನಾಚಿಕೆಗೇಡಿತನವೇ!

ನೀನು ಜಗಳಕ್ಕೆ ಬರುತ್ತೀಯೆಂದು ಹೆದರಿದ್ದೆ. ನೀನೋ, ನಳದ ಹತ್ತಿರ ನಿಲ್ಲಿಸಿ ಇಷ್ಟೇ ಅಂದೆ:

"ಬಹುಮಾನ ನೀನೇ ಇಟ್ಕೋ. ನಮ್ಮವ್ವನ ಮಾರಿ ನಂಗ ಕೊಟ್ಬಿಡು. ಮನ್ಯಾಗ ಆಕಿದೊಂದು ಫೋಟೋ ಸೈತ ಇಲ್ಲ."

"ಯಾರವ್ವ? ನಾ ಮನಸಿಗೆ ಬಂದಂಗ ತೆಗದೀನಿ."

ಅಷ್ಟು ಹೇಳಿ ನಾನು ಕೊಡ ತುಂಬಿಸಿಕೊಂಡು ನಡೆದೆ. ನೀನು ಮತ್ತೆಂದೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೇ — ಗೊತ್ತಿಲ್ಲ, ಬಹುಶಃ ಇಲ್ಲ.

ಕಳೆದ ವಾರ, ನಿಮ್ಮವ್ವ ತೀರಿಕೊಂಡ ಸುದ್ದಿ ಕೇಳಿ ಚಿತ್ತಾಪುರದ ನಿನ್ನ ಮನೆಗೆ ಬಂದೆ. ಗೋಡೆಯ ಮೇಲೆ ಹಾರದೊಳಗೆ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಮಸುಕು ಫೋಟೋ. ಅದರಲ್ಲಿ ಆ ನಗು ಇರಲಿಲ್ಲ. "ಅಷ್ಟು ದೂರದಿಂದ ಬಂದಿ, ಕುಂದ್ರವ್ವ, ಚಾ ಕುಡಿ," ಎಂದು ನೀನೇ ನನ್ನನ್ನು ಉಪಚರಿಸಿದೆ. ಚಹಾ ಕುಡಿದೆ. ಹೇಳಬೇಕೆಂದು ಬಾಯಿಗೆ ಬಂದದ್ದು — ನುಂಗಿಕೊಂಡು ಎದ್ದುಬಂದೆ.

ಹಾಳೆ ನನ್ನ ಟ್ರಂಕಿನಲ್ಲೇ ಇದೆ. ಬೆಳಕಿಗೆ ಓರೆಯಾಗಿ ಹಿಡಿದರೆ ನನ್ನ ಹೆಸರಿನಡಿ ನಿನ್ನ ಹೆಸರಿನ ಗುರುತು ಇನ್ನೂ ಕಾಣುತ್ತದೆ. ಅಷ್ಟು ಒತ್ತಿ ಬರೆದಿದ್ದೆ ನೀನು. ನಾಳೆ ಬೆಳಗಿನ ಬಸ್ಸಿಗೆ ತರುತ್ತೇನೆ. ಬೈದರೆ ನಿಂತು ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲಿಟ್ಟು ಬರುತ್ತೇನೆ. ಮಗಳು ಬರೆದ ತನ್ನ ಮುಖವನ್ನು ನೋಡುವ ಭಾಗ್ಯ ನಿಮ್ಮವ್ವನಿಗೆ ಕೊನೆಗೂ ಸಿಗಲಿಲ್ಲ — ಅದನ್ನು ಮಾತ್ರ ನಾನು ಎಲ್ಲಿಂದ ತಂದುಕೊಡಲಿ, ನೀಲಮ್ಮ?