ಎಲೆ ನೇಯುವ ಗಿಲ್ಲಿಸ್

ಗೋಡೆಗೆ ತೂಗುವ ಚಿತ್ರದ ಬಟ್ಟೆ ನೇಯುವ ನಮ್ಮ ಔದೆನಾರ್ದೆ ಊರಿನಲ್ಲಿ ನೇಕಾರರಲ್ಲೂ ಮೇಲು ಕೀಳು ಉಂಟು. ಮುಖ ನೇಯುವವರು ಮೇಲಿನವರು, ಉಡುಪು ನೇಯುವವರು ನಡುವಿನವರು, ಎಲೆ ನೇಯುವವರು ಎಲ್ಲರಿಗಿಂತ ಕೆಳಗೆ. ಗಿಲ್ಲಿಸ್ ಜೀವಮಾನವೆಲ್ಲ ಎಲೆಯವನು. ಶ್ರೀಮಂತರಿಗೆ ಎಲೆ ತುಂಬಿದ ಕಾಡಿನ ಚಿತ್ರದ ಹುಚ್ಚು. ಕಿಟಕಿ ತೆರೆದರೆ ನಿಜವಾದ ಕಾಡೇ ಕಾಣುತ್ತದೆ, ಆದರೂ ಊಟದ ಕೋಣೆಯ ನಾಲ್ಕೂ ಗೋಡೆಗೆ ಉಣ್ಣೆಯ ಕಾಡು ತೂಗಬೇಕು. ಚಳಿಯೂ ನಿಲ್ಲುತ್ತದೆ, ಗತ್ತೂ ಬರುತ್ತದೆ. ಗಿಲ್ಲಿಸನ ಗೋಡೆಗೆ ಇದ್ದದ್ದು ಬೂಷ್ಟು ಮಾತ್ರ.

ನಾನು ಗಿಲ್ಲಿಸ್ ನೇಯುವ ಮಗ್ಗದ ಮನೆಯಲ್ಲೇ ನೂಲು ಸುತ್ತುವವಳು. ಗಿಲ್ಲಿಸನ ಹೆಂಡತಿ ಯೋಸೀನೆ ನನ್ನ ಪಕ್ಕದ ಮನೆಯವಳು. ಅವರಿಗೆ ಒಬ್ಬಳೇ ಮಗಳು, ಮಾಯ್ಕೆನ್. ಎಡಗೆನ್ನೆಯ ಮೇಲೆ ಕೆಂಪು ಮಚ್ಚೆ, ಮಾತಾಡುವಾಗ ಕತ್ತು ಒಂದು ಕಡೆ ವಾಲಿಸುವಳು. ಊಟ, ಆಟ ಎಲ್ಲ ಎಡಗೈಯಲ್ಲೇ.

"ಏ ಎಡಚಿ, ಗಂಜಿ ಬಾಯಿಗೆ ಹೋಯ್ತೋ ಮೂಗಿಗೆ ಹೋಯ್ತೋ?" ಎಂದು ರೇಗಿಸಿದರೆ, "ನಿನ್ನ ಬಲಗೈ ಯಾವ ಅರಮನೆ ಕಟ್ಟಿದೆ ಅತ್ತೆ?" ಅನ್ನುವಳು. ಆರು ವರ್ಷದ ಬಾಯಿ ಅದು! ಪ್ಲೇಗ್ ಬಂದ ಬೇಸಿಗೆಯಲ್ಲಿ ಹೋಗಿಬಿಟ್ಟಳು. ದೇವರ ಮೇಲಿನ ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಣ್ಣು ಮಾಡಿ ಬಂದಮೇಲೆ ಯೋಸೀನೆಗೆ ಒಂದೇ ಭಯ ಹಿಡಿಯಿತು. "ಅವಳ ಮುಖ ಮರೆತು ಹೋಗ್ತಾ ಇದೆ ಅಕ್ಕ. ಮೂಗು ನೆನಪಾದ್ರೆ ಕಣ್ಣು ನೆನಪಾಗಲ್ಲ. ಚಿತ್ರ ಬರೆಸಿಡೋಕೆ ನಾವೇನು ದೊರೆಗಳಾ?"

ಆ ಚಳಿಗಾಲ ಗಿಲ್ಲಿಸನ ಮಗ್ಗದಲ್ಲಿ ಗೆಂಟ್ ನಗರದ ವಕೀಲರೊಬ್ಬರು ಹೇಳಿ ಮಾಡಿಸುತ್ತಿದ್ದ ಕಾಡು ಏರಿತ್ತು. ಮಗ್ಗಕ್ಕೆ ಎಳೆದ ಹಾಸುನೂಲಿನ ಕೆಳಗಿಟ್ಟು ನೋಡಿಕೊಂಡು ನೇಯುವ ನಮೂನೆ ಚಿತ್ರದ ಒಂದು ಮೂಲೆಯನ್ನು ಇಲಿ ತಿಂದಿತ್ತು. "ಅಲ್ಲಿ ಎಲೆ ತುಂಬಿಸಿಬಿಡೋ," ಅಂದರು ಮಗ್ಗದ ಮನೆಯ ಯಜಮಾನರು. ಗಿಲ್ಲಿಸ್ ಅಲ್ಲಿ ಮಗಳನ್ನು ತುಂಬಿಸಿದ. ಓಕ್ ಮರದ ಕೆಳಗೆ, ಬಾತು ಕಾಯುವ ಕೋಲು ಹಿಡಿದು ನಿಂತ ಮಾಯ್ಕೆನ್. "ಮಗ್ಗದಿಂದ ಇಳಿಸೋ ದಿನ ಬಾ, ನೋಡುವೆಯಂತೆ," ಎಂದು ಹೆಂಡತಿಗೆ ಹೇಳಿದ. ಯೋಸೀನೆ ಆ ದಿನವೊಂದನ್ನೇ ನೆಚ್ಚಿಕೊಂಡು ಚಳಿಗಾಲ ಕಳೆದಳು.

ನಮ್ಮ ಮಗ್ಗದಲ್ಲಿ ನೇಕಾರನಿಗೆ ಕಾಣುವುದು ಬಟ್ಟೆಯ ಹಿಂಬದಿ, ನೂಲಿನ ತುದಿಗಳು ಜೋತುಬಿದ್ದಿರುವ ಬದಿ. ಮುಂಬದಿ ನೆಲ ನೋಡುತ್ತಿರುತ್ತದೆ. ಅಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಮೂನೆ ಬರೆಯುವವನೇ ಮೊದಲು ಎಡಬಲ ತಿರುವಿ ಬರೆದಿರುತ್ತಾನೆ. ಮುಖದವರು ಸಾಲದ್ದಕ್ಕೆ ಬಟ್ಟೆಯ ಕೆಳಗೆ ಕನ್ನಡಿ ಹಿಡಿದೂ ನೋಡುತ್ತಾರೆ. ಎಲೆಯವನಿಗೆ ಕನ್ನಡಿ ಯಾತಕ್ಕೆ? ಎಲೆಗೆ ಎಡವೂ ಇಲ್ಲ, ಬಲವೂ ಇಲ್ಲ. ಗಿಲ್ಲಿಸ್ ಮನಸ್ಸಿನಲ್ಲಿದ್ದ ಮಗಳನ್ನು ಇದ್ದ ಹಾಗೇ ನೇಯ್ದುಬಿಟ್ಟ.

ಇಳಿಸುವ ದಿನ ಹಾಸು ಕತ್ತರಿಸಿ, ಬಟ್ಟೆಯನ್ನು ತೊಲೆಗೆ ತೂಗುಬಿಟ್ಟರು. ನೇಕಾರರ ಕೈಯಲ್ಲೆಲ್ಲ ಬಿಯರ್ ಇತ್ತು. ಯೋಸೀನೆ ಹತ್ತಿರ ಹೋಗಿ ತುಂಬ ಹೊತ್ತು ನೋಡಿದಳು.

"ಯಾರಿದು?"

"ಮಾಯ್ಕೆನ್ ಕಣೇ."

"ಅಲ್ಲ. ಮಚ್ಚೆ ಆ ಕಡೆ ಇದೆ. ಕೋಲು ಬಲಗೈಲಿದೆ. ಇದು ಯಾರದೋ ಮಗು, ಗಿಲ್ಲಿಸ್."

ಮುಖದವನೊಬ್ಬ ನಕ್ಕ. "ಎಲೆ ಹೆಣೆಯೋನಿಗೆ ಈ ಉಸಾಬರಿ ಯಾಕೆ ಬೇಕಿತ್ತು?" ನನ್ನ ಕೈಯಲ್ಲಿದ್ದ ನೂಲಿನ ಉಂಡೆ ಅವನ ತಲೆಗೇ ಬೀಳಬೇಕಿತ್ತು. "ಮಚ್ಚೆ ಸೂಜೀಲಿ ಈ ಕಡೆ ಹಾಕ್ತೀನಿ," ಅಂದ ಗಿಲ್ಲಿಸ್.

"ಕೈ? ಬೈತಲೆ? ಕತ್ತು ವಾಲಿಸೋದು?"

ಯೋಸೀನೆ ಅಳು ಮರೆಮಾಡಲು ಬಟ್ಟೆಯ ಹಿಂದಕ್ಕೆ ಹೋದಳು. ಅಲ್ಲಿಂದಲೇ ಕೂಗಿದಳು, "ಅಕ್ಕ! ಇಲ್ಲಿದ್ದಾಳೆ ನೋಡು!"

ಓಡಿದೆ. ನೂಲಿನ ತುದಿಗಳ ನಡುವೆ ನಮ್ಮ ಎಡಚಿ ನಿಂತಿದ್ದಳು. ಎಡಗೆನ್ನೆಯಲ್ಲಿ ಮಚ್ಚೆ, ಎಡಗೈಯಲ್ಲಿ ಕೋಲು, ಅದೇ ಕತ್ತು ವಾಲಿಕೆ. ಯೋಸೀನೆ ಆ ನೂಲುಗಳನ್ನು ಮಗುವಿನ ಹಣೆಗೂದಲು ಸರಿಸುವ ಹಾಗೆ ಸರಿಸುತ್ತಿದ್ದಳು. ಗಿಲ್ಲಿಸ್ ಬಂದು ನೋಡಿ ತಾನೂ ಒಂದು ಎಳೆ ಸರಿಸಿದ.

ಮಧ್ಯಾಹ್ನ ವಕೀಲರ ಕಡೆಯ ಗಾಡಿ ಬಂತು. ಗಾಡಿಯವನು ಕೆಟ್ಟವನಲ್ಲ.

"ಅಣ್ಣ, ಈ ಬದಿ ಕಾಣೋ ಹಾಗೆ ತೂಗುಹಾಕೋಕಾಗಲ್ವಾ?" ಯೋಸೀನೆ ಕೇಳಿದಳು.

"ನೂಲಿನ ತುದಿ ನೋಡೋಕೆ ಯಾರು ಕೊಂಡುಕೊಳ್ತಾರಮ್ಮ? ಈ ಬದಿ ಗೋಡೆಗೆ."

"ಮೊಳೆ ಹೊಡೆದು?"

"ಹೂಂ, ಬಿಗಿಯಾಗಿ."

ಅವಳು ಹಿಡಿದಿದ್ದ ಬಟ್ಟೆಯ ಅಂಚು ಬಿಟ್ಟಳು. ಅದನ್ನು ಸುರುಳಿ ಸುತ್ತಿ ಗಾಡಿಗೆ ಏರಿಸಿದರು. ಚಕ್ರ ಉರುಳಿದ ಮೇಲೆ ಬೀದಿಗೆ ಓಡಿ ಕೂಗಿದಳು: "ಅಣ್ಣಾ, ಆ ಮೂಲೇಲಿ ಮಾತ್ರ ಸ್ವಲ್ಪ ಸಡಿಲ ಬಿಡೋಕೆ ಹೇಳಿ. ಮಗು ಉಸಿರಾಡಬೇಕು."