ಅಜ್ಜನನ್ನು ಕೇಳದ ಮಾತು

ಸುಮಾತ್ರಾದ ನಮ್ಮ ಕೆರಿಂಚಿ ಬೆಟ್ಟಕ್ಕೆ ಜನರನ್ನು ಹತ್ತಿಸುವ, ನಾವೆಲ್ಲ ಅಮ್ಮ ಎಂಬರ್ಥದಲ್ಲಿ ‘ಮಾಕ್’ ಎನ್ನುವ ನುರ್ಸೀಮಾಳ ಬಾಯಿಗೆ ಬಿಡುವೆಂಬುದಿಲ್ಲ. ಕೊಂಬೆಯ ಮೇಲಿನ ಮಂಗನಿಗೆ, “ಮನೆಗೆ ಹೋಗೋ ಸೋಮಾರಿ, ಹೆಂಡ್ತಿ ಕಾಯ್ತಿದಾಳೆ!” ಎನ್ನುತ್ತಾಳೆ, ಕಾಡುಹಂದಿ ಅಡ್ಡ ಬಂದರೆ ಕೋಲೆತ್ತಿ, “ದಾರಿ ನಿಮ್ಮಪ್ಪಂದಾ?” ಎಂದು ಗದರುತ್ತಾಳೆ, ಏದುಸಿರು ಬಿಡುವ ನಮ್ಮನ್ನೂ ಅದೇ ದನಿಯಲ್ಲಿ ಬೈದು, ಬಾಳೆಎಲೆಯಲ್ಲಿ ಕಟ್ಟಿ ತಂದ ಅನ್ನ ಕೊಡುತ್ತಾಳೆ. ಹುಲಿಯನ್ನು ಮಾತ್ರ ಊರಿನವರೆಲ್ಲರಂತೆ ‘ಅಜ್ಜ’ ಎಂದೇ ಕರೆಯುತ್ತಾಳೆ. ಮೊನ್ನೆ ತಿರುವಿನಲ್ಲಿ ಅಜ್ಜ ಎದುರಾದ. ಮಾಕ್ ಕೋಲನ್ನು ನೆಲಕ್ಕಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು, “ಅಜ್ಜಾ, ಸಂಜೆಯೊಳಗೆ ಇಳಿದು ಹೋಗ್ತೀವಿ” ಎಂದು ಮೆಲ್ಲಗೆ ಹೇಳಿದಳು. ಆ ಬೆಂಕಿಬಣ್ಣದ ಮೈ ಎಲೆಯೊಂದನ್ನೂ ಅಲುಗಿಸದೆ ಪೊದೆಯೊಳಗೆ ಸರಿಯಿತು. “ಹೆದರಿಕೆ ಆಗ್ಲಿಲ್ವಾ ಮಾಕ್?” ಎಂದೆ. “ಆಯ್ತು ಮಗಾ. ನಮ್ಮ ಯಜಮಾನ್ರನ್ನ ಕರ್ಕೊಂಡು ಹೋದದ್ದು ಅಜ್ಜನೇ. ಅವರು ಹೇಗಿದಾರೆ ಅಂತ ಕೇಳೋಕೆ ಇವತ್ತೂ ಬಾಯಿ ಬರ್ಲಿಲ್ಲ.”