ಖಲೀಲ್ ಸಾಹೇಬರ ಅನುಮಾನ

ಹೊಳಲ್ಕೆರೆಯ ಖಲೀಲ್ ಸಾಹೇಬರು ಹಳೇ ಕಂಪ್ಯೂಟರ್ ರಿಪೇರಿ ಮಾಡುವುದು ಪೊಲೀಸರು ಕಳ್ಳನನ್ನು ಹುಡುಕುವ ಹಾಗೆ: ಮೊದಲು ಎಲ್ಲರ ಮೇಲೂ ಅನುಮಾನ. ರ‍್ಯಾಮ್ ಕಿತ್ತು ಶಾಲೆಮಕ್ಕಳ ರಬ್ಬರಿನಿಂದ ಉಜ್ಜುತ್ತಾರೆ, ಕೇಬಲ್ಲನ್ನು ಮೂಸಿ ನೋಡುತ್ತಾರೆ, ಏನೂ ಸಿಗದಿದ್ದರೆ ಗಿರಾಕಿಯ ಕಡೆ ತಿರುಗಿ, “ನಾನೇನೂ ಮುಟ್ಟಿಲ್ಲ ಅಂದ್ರಲ್ಲ, ಮತ್ತೆ ಯಾರು ಮುಟ್ಟಿದ್ರು?” ಎನ್ನುತ್ತಾರೆ. ಕಂಪ್ಯೂಟರ್ ತಾನಾಗಿ ಶುರುವಾದರಂತೂ “ನಾಟಕ ಮಾಡ್ತೈತೆ” ಎಂದು ಮತ್ತೆ ಬಿಚ್ಚುತ್ತಾರೆ. ರವಿಕೆಗಳಿಗೆ ಕಸೂತಿ ಹಾಕುವ ಗಿರಾಕಿ ದಾಕ್ಷಾಯಿಣಿಗೆ ಇದು ಸಾಕಾಗಿ ಹೋಗಿತ್ತು. ಅವಳ ಕಸೂತಿ ಯಂತ್ರ ಅವಳು ರಿಪೇರಿಗೆ ಕೊಟ್ಟಿದ್ದ ಹಳೇ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ನಾಳೆ ಮದುಮಗಳ ರವಿಕೆ ಕೊಡಲೇಬೇಕು. ಕಂಪ್ಯೂಟರ್ ಬೆಳಗಿನಿಂದ ಸರಿಯಾಗಿ ಓಡುತ್ತಿದ್ದರೂ ಸಾಹೇಬರು ಅದನ್ನು ಬಿಟ್ಟುಕೊಡರು. “ಇನ್ನೂ ಯಾರ ಮೇಲೆ ಅನುಮಾನ ಸಾಹೇಬ್ರೇ? ನಾನೊಬ್ಳೇ ಉಳಿದಿರೋದು,” ಎಂದಳು. ಬೇರೆ ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿ ಸಾಹೇಬರು ಬಲಗೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು. “ಸ್ಕ್ರೂ ಬಿಗಿ ಆಗೈತೋ ಇಲ್ವೋ ಈ ಕೈಗೆ ಗೊತ್ತಾಗಲ್ಲಮ್ಮ. ಸೂಜಿ ಹಿಡಿಯೋ ಕೈ ನಿಮ್ದು, ಒಂದ್ಸಲ ನೋಡ್ರಿ.” ದಾಕ್ಷಾಯಿಣಿ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಒಂದು ಸಡಿಲವಿತ್ತು. ಅದನ್ನು ಸದ್ದಿಲ್ಲದೆ ಬಿಗಿಮಾಡಿ, “ಎಲ್ಲಾ ಗಟ್ಟಿ ಅವೆ ಬಿಡ್ರಿ,” ಎಂದಳು. ಸಾಹೇಬರು ಅವಳ ಮುಖವನ್ನೊಮ್ಮೆ ನೋಡಿ, ಮರುಪ್ರಶ್ನೆ ಹಾಕದೆ ನಂಬಿದರು.